ಲೇಟೆಕ್ ಪ್ರಬಂಧದಲ್ಲಿ ಉಲ್ಲೇಖದ ಕೀ ಕದಲದಂತೆ ನೋಡಿಕೊಳ್ಳುವುದು

ದಾವಣಗೆರೆಯಲ್ಲಿ ಸಂಶೋಧನಾರ್ಥಿಗಳಿಗೆ ಲೇಟೆಕ್ ಎಂಬ, ಪ್ರಬಂಧಗಳನ್ನು ಅಚ್ಚಿಗೆ ಸಿದ್ಧಪಡಿಸುವ ತಂತ್ರಾಂಶವನ್ನು ಕಲಿಸುವ ನನ್ನ ಬಳಿಗೆ ಕಳೆದ ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ ಸಂಶೋಧನಾರ್ಥಿಯೊಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಸೇರಿರುವ ಫ್ಲೋರೈಡ್ ಅವರ ವಿಷಯ. ಮರುದಿನ ಗೈಡ್ ಅವರಿಗೆ ಪೂರ್ತಿ ಕರಡನ್ನು ಒಪ್ಪಿಸಬೇಕಿತ್ತು. ಪಿಡಿಎಫ್ ತೆರೆದು ತೋರಿಸಿದರು: ಎರಡನೆಯ ಅಧ್ಯಾಯದಲ್ಲಿ, ಅಂದರೆ ಹಿಂದಿನ ಅಧ್ಯಯನಗಳ ಸಮೀಕ್ಷೆ ಇರುವ ಕಡೆ, ಉಲ್ಲೇಖ ಇರಬೇಕಾದ ಜಾಗದಲ್ಲೆಲ್ಲ ಚೌಕ ಕಂಸದೊಳಗೆ ದಪ್ಪಕ್ಷರದ ಪ್ರಶ್ನಾರ್ಥಕ ಚಿಹ್ನೆಗಳು ಕುಳಿತಿದ್ದವು. "ಸರ್, ಪ್ರಬಂಧದ ಫೈಲನ್ನು ನಾನು ಮುಟ್ಟೇ ಇಲ್ಲ. ಝೊಟೆರೊದಲ್ಲಿ ಲೇಖಕರ ಹೆಸರುಗಳನ್ನು ಸರಿ ಮಾಡಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದೆ, ಅಷ್ಟೇ," ಎಂದರು. (ಝೊಟೆರೊ ಎಂದರೆ ಆಕರಗಳ ವಿವರವನ್ನು ಕೂಡಿಡುವ ತಂತ್ರಾಂಶ, ಅಂದರೆ ರೆಫರೆನ್ಸ್ ಮ್ಯಾನೇಜರ್. ಆ ವಿವರವನ್ನು ಲೇಟೆಕ್‌ಗೆ ಬೇಕಾದ ಫೈಲಾಗಿ ಹೊರತೆಗೆಯುವುದೇ ಎಕ್ಸ್‌ಪೋರ್ಟ್.) ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಹೆಸರು ಸರಿ ಮಾಡಿದ್ದೇ ಈ ಪ್ರಶ್ನಾರ್ಥಕ ಚಿಹ್ನೆಗಳಿಗೆ ಕಾರಣ. ಮಾಡಬೇಕಾದ ಕೆಲಸವನ್ನು ಸರಿಯಾಗಿ ಮಾಡಿದವರಿಗೆ ಇಂಥ ಸಂಕಟ ಬರಬಾರದು ಎಂಬ ಕಳಕಳಿಯಿಂದ ಈ ವಿಷಯವನ್ನು ಬುಡದಿಂದ ವಿವರಿಸುತ್ತಿದ್ದೇನೆ.

ಲೇಟೆಕ್‌ನಲ್ಲಿ ಬರೆಯುವವರು ವಾಕ್ಯದ ನಡುವೆ ಲೇಖಕರ ಹೆಸರು, ವರ್ಷ, ಪುಟ ಎಂದು ಟೈಪ್ ಮಾಡುವುದಿಲ್ಲ. ಸೈಟ್ ಎಂಬ ಆದೇಶವನ್ನು ಕೊಟ್ಟು, ಅದರ ಮುಂದೆ ಪುಷ್ಪಾವರಣದೊಳಗೆ ಆ ಆಕರದ ಕೀಯನ್ನು, ಅಂದರೆ ಅದಕ್ಕಿಟ್ಟ ಗುರುತಿನ ಹೆಸರನ್ನು, ಮಾತ್ರ ಬರೆಯುತ್ತಾರೆ. ಆಕರಗಳ ಪೂರ್ಣ ವಿವರ ಬಿಬ್ ಎಂಬ ಬೇರೊಂದು ಫೈಲಿನಲ್ಲಿರುತ್ತದೆ. ಅಲ್ಲಿ ಪ್ರತಿಯೊಂದು ನಮೂದೂ ಒಂದು ಕೀಯಿಂದಲೇ ಆರಂಭವಾಗುತ್ತದೆ. ಪ್ರಬಂಧವನ್ನು ಮೊದಲ ಸಲ ಕಂಪೈಲ್ ಮಾಡಿದಾಗ, ಅಂದರೆ ಪಿಡಿಎಫ್ ಆಗಿಸಲು ಲೇಟೆಕ್ ಓಡಿಸಿದಾಗ, ಯಾವ ಯಾವ ಕೀಗಳನ್ನು ಬಳಸಲಾಗಿದೆ ಎಂಬ ಪಟ್ಟಿಯನ್ನು ಲೇಟೆಕ್ ಆಕ್ಸ್ ಎಂಬ ಫೈಲಿನಲ್ಲಿ ಬರೆದಿಡುತ್ತದೆ. ಆಮೇಲೆ ಬಿಬ್‌ಟೆಕ್ ಎಂಬ ಜೊತೆಯ ಪ್ರೋಗ್ರಾಮ್ ಆ ಪಟ್ಟಿಯನ್ನು ಓದಿ, ಬಿಬ್ ಫೈಲಿನಲ್ಲಿ ಅವೇ ಕೀಗಳನ್ನು ಹುಡುಕಿ, ಸಿಕ್ಕ ಆಕರಗಳನ್ನು ಕ್ರಮವಾಗಿ ಜೋಡಿಸಿ ಬಿಬಿಎಲ್ ಎಂಬ ಮೂರನೆಯ ಫೈಲಿಗೆ ಹಾಕುತ್ತದೆ. ಅದನ್ನು ಎತ್ತಿಕೊಂಡು ಅಂಕಿಗಳನ್ನೋ ಲೇಖಕರ ಹೆಸರುಗಳನ್ನೋ ಸರಿಯಾದ ಜಾಗಕ್ಕೆ ಕೂರಿಸಲು ಲೇಟೆಕ್ ಇನ್ನೆರಡು ಸಲ ಓಡಬೇಕು. ಬಿಬ್‌ಟೆಕ್ 1985ರಷ್ಟು ಹಳೆಯದು. ಅದೇ ಕೆಲಸ ಮಾಡುವ ಈಚಿನ ಬಿಬ್ಲೇಟೆಕ್ ಮತ್ತು ಬೈಬರ್ ಜೋಡಿ ಮಧ್ಯದ ಫೈಲುಗಳ ಹೆಸರನ್ನು ಬದಲಿಸಿದರೂ ಕೆಲಸದ ಕ್ರಮ ಇದೇ. ಈ ಇಡೀ ಸರಪಳಿಯಲ್ಲಿ ಪ್ರಬಂಧಕ್ಕೂ ಆಕರಗಳಿಗೂ ಇರುವ ಕೊಂಡಿ ಒಂದೇ ಒಂದು, ಆ ಕೀ. ಲೇಖಕರ ಹೆಸರು ಸರಿಯಿದೆಯೇ, ಶೀರ್ಷಿಕೆ ಹೊಂದುತ್ತದೆಯೇ ಎಂದು ಯಾವ ಪ್ರೋಗ್ರಾಮೂ ನೋಡುವುದಿಲ್ಲ. ಎರಡು ಕಡೆಯ ಕೀ ಅಕ್ಷರಕ್ಕೆ ಅಕ್ಷರ ಹೊಂದಿದರೆ ಆಕರ ಸಿಕ್ಕಿತು, ಒಂದು ಅಕ್ಷರ ತಪ್ಪಿದರೂ ಸಿಗಲಿಲ್ಲ.

ಹಾಗಾದರೆ ಕೀಯನ್ನು ಯಾರು ಇಡುತ್ತಾರೆ ಎಂಬುದು ಮುಂದಿನ ಪ್ರಶ್ನೆ, ಮತ್ತು ತೊಂದರೆಯ ಮೂಲ ಇಲ್ಲೇ ಇದೆ. (ಓದುವ ಅನುಕೂಲಕ್ಕಾಗಿ ಕೀಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಫೈಲಿನಲ್ಲಿ ಅವು ರೋಮನ್ ಅಕ್ಷರಗಳಲ್ಲಿರುತ್ತವೆ, ಹಾಗೆಯೇ ಇರಬೇಕು ಕೂಡ.) ಬಸವರಾಜ ಎಂಬ ಲೇಖಕರು 2014ರಲ್ಲಿ ಫ್ಲೋರೈಡ್ ಕುರಿತು ಬರೆದ ಲೇಖನವೊಂದು ಇದೆ ಎಂದುಕೊಳ್ಳಿ. ಗೂಗಲ್ ಸ್ಕಾಲರ್‌ನಿಂದ ಬಿಬ್‌ಟೆಕ್ ನಮೂದನ್ನು ಎತ್ತಿಕೊಂಡರೆ ಕೀ 'ಬಸವರಾಜ2014ಫ್ಲೋರೈಡ್' ಎಂದು ಬರುತ್ತದೆ. ಅದೇ ಲೇಖನವನ್ನು ಝೊಟೆರೊದಲ್ಲಿಟ್ಟು, ಹೆಚ್ಚುವರಿ ಪ್ಲಗಿನ್ ಇಲ್ಲದೆ ಎಕ್ಸ್‌ಪೋರ್ಟ್ ಮಾಡಿದರೆ 'ಬಸವರಾಜ_ಫ್ಲೋರೈಡ್_2014' ಆಗುತ್ತದೆ. ಪ್ರಕಾಶಕರ ತಾಣದಿಂದ ನೇರವಾಗಿ ಇಳಿಸಿಕೊಂಡರೆ ಅವರವರದೇ ಪದ್ಧತಿ: ಸೈನ್ಸ್‌ಡೈರೆಕ್ಟ್ ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆದು ವರ್ಷವನ್ನೂ ಪುಟಸಂಖ್ಯೆಯನ್ನೂ ಅಂಟಿಸುತ್ತದೆ, ಐಟ್ರಿಪಲ್‌ಇ ಬರೀ ಒಂದು ಸಂಖ್ಯೆಯನ್ನು ಕೊಡುತ್ತದೆ. ಒಂದೇ ಲೇಖನ, ನಾಲ್ಕು ಬಾಗಿಲು, ನಾಲ್ಕು ಕೀ. ನಮ್ಮ ಸಂಶೋಧನಾರ್ಥಿಗಳಲ್ಲಿ ಹೆಚ್ಚಿನವರು ಮೊದಲ ವರ್ಷ ಸ್ಕಾಲರ್‌ನಿಂದ ಒಂದೊಂದಾಗಿ ನಕಲು ಮಾಡಿ, ಎರಡನೆಯ ವರ್ಷ ಯಾರೋ ಹೇಳಿದರೆಂದು ಝೊಟೆರೊಗೋ ಅಂಥದೇ ಇನ್ನೊಂದಾದ ಮೆಂಡಲೇಗೋ ಬಂದು, ಹಳೆಯದನ್ನೂ ಹೊಸದನ್ನೂ ಒಂದೇ ಬಿಬ್ ಫೈಲಿಗೆ ಸುರಿಯುತ್ತಾರೆ. ಹಾಗಾಗಿ ಒಂದೇ ಆಕರ ಎರಡು ಕೀಗಳಡಿ ಸೇರಿ, ಆಕರಸೂಚಿಯಲ್ಲಿ ಎರಡು ಸಲ ಅಚ್ಚಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಝೊಟೆರೊ ತಾನಾಗಿ ಕೊಡುವ ಕೀ ಎಲ್ಲಿಯೂ ಶಾಶ್ವತವಾಗಿ ಬರೆದಿಟ್ಟದ್ದಲ್ಲ. ಪ್ರತಿ ಸಲ ಎಕ್ಸ್‌ಪೋರ್ಟ್ ಮಾಡಿದಾಗಲೂ ಆಗ ಖಾನೆಗಳಲ್ಲಿರುವ ಹೆಸರು, ಶೀರ್ಷಿಕೆಯ ಮೊದಲ ಮುಖ್ಯ ಪದ, ವರ್ಷ ಇವುಗಳಿಂದ ಅದನ್ನು ಹೊಸದಾಗಿ ಕಟ್ಟಲಾಗುತ್ತದೆ. ಖಾನೆಯಲ್ಲಿನ ವಿವರ ಬದಲಾದರೆ ಕೀಯೂ ಬದಲಾಗುತ್ತದೆ. ಶೀರ್ಷಿಕೆಯಲ್ಲಿ ಫ್ಲೋರೈಡ್ ಪದದ ಇಂಗ್ಲಿಷ್ ಕಾಗುಣಿತ ತಪ್ಪಾಗಿ, 'ಯು' ಮತ್ತು 'ಓ' ಅಕ್ಷರಗಳು ಅದಲುಬದಲಾಗಿ ಬಂದಿರುವುದು ತೀರಾ ಸಾಮಾನ್ಯ. ಅದನ್ನು ತಿದ್ದಿದ ಕ್ಷಣ ಕೀ ಬೇರೆಯಾಯಿತು. ಲೇಖನ 2013ರಲ್ಲಿ ಆನ್‌ಲೈನ್‌ನಲ್ಲಿ ಬಂದು, 2014ರ ಸಂಚಿಕೆಯಲ್ಲಿ ಅಚ್ಚಾದರೆ, ವರ್ಷವನ್ನು ಸರಿಪಡಿಸಿದಾಗಲೂ ಹಾಗೆಯೇ.

ನಮ್ಮ ಕಡೆಯ ಹೆಸರುಗಳಿಗಂತೂ ಈ ತೊಂದರೆ ಹೆಚ್ಚು. ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರು ಇರುವುದಿಲ್ಲ, ಇನಿಷಿಯಲ್ ಇರುತ್ತದೆ, ಅದನ್ನೂ ಹೆಸರಿನ ಮುಂದೆ ಬರೆಯುವವರಿದ್ದಾರೆ, ಹಿಂದೆ ಬರೆಯುವವರಿದ್ದಾರೆ. 'ಬಸವರಾಜ ಕೆ. ಎಸ್.' ಎಂದು ಅಲ್ಪವಿರಾಮವಿಲ್ಲದೆ ಬರೆದರೆ ಬಿಬ್‌ಟೆಕ್ ಕೊನೆಯ ತುಣುಕನ್ನೇ ಮನೆತನದ ಹೆಸರೆಂದು ತಿಳಿಯುತ್ತದೆ. ಆಕರಸೂಚಿಯಲ್ಲಿ ಆ ಲೇಖಕರು 'ಎಸ್' ಎಂಬ ಅಕ್ಷರದಡಿ ಹೋಗಿ ಕೂರುತ್ತಾರೆ. ಡಿಓಐ ಸಂಖ್ಯೆ (ಲೇಖನಕ್ಕೆ ಪ್ರಕಾಶಕರು ಕೊಡುವ ಶಾಶ್ವತ ಗುರುತು) ಕೊಟ್ಟು ಝೊಟೆರೊಗೆ ತಂದಾಗಲೂ ಪ್ರಕಾಶಕರು ದಾಖಲಿಸಿದ ರೀತಿಯಲ್ಲೇ, ಕೊನೆಯ ಹೆಸರಿನ ಖಾನೆಯಲ್ಲಿ 'ಕೆ. ಎಸ್.' ಎಂದೂ ಮೊದಲ ಹೆಸರಿನ ಖಾನೆಯಲ್ಲಿ 'ಬಸವರಾಜ' ಎಂದೂ ಬಂದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೀಗೆ ಬಂದ ನಮೂದಿನ ಕೀ ಇನಿಷಿಯಲ್‌ನಿಂದಲೇ ಆರಂಭವಾಗುತ್ತದೆ. ಆ ಭಾನುವಾರ ಬಂದವರು ಮಾಡಿದ್ದು ಇಷ್ಟೇ: ಇಂಥ ಹೆಸರುಗಳನ್ನೆಲ್ಲ ಹುಡುಕಿ, 'ಬಸವರಾಜ' ಎಂಬುದನ್ನು ಕೊನೆಯ ಹೆಸರಿನ ಖಾನೆಗೂ ಇನಿಷಿಯಲ್‌ಗಳನ್ನು ಮೊದಲ ಹೆಸರಿನ ಖಾನೆಗೂ ವರ್ಗಾಯಿಸಿದ್ದರು. ಲೇಖಕರ ಹೆಸರನ್ನು ಅವರು ಬಳಸುವಂತೆಯೇ ಅಚ್ಚು ಮಾಡುವುದು ಸಂಶೋಧಕರ ಕರ್ತವ್ಯ, ಅದನ್ನು ಅವರು ನಿಷ್ಠೆಯಿಂದ ಮಾಡಿದ್ದರು. ಆದರೆ ಬಿಬ್ ಫೈಲಿನಲ್ಲಿ ಕೀಗಳು ಹೊಸದಾದವು, ಅಧ್ಯಾಯಗಳಲ್ಲಿ ಹಳೆಯವೇ ಉಳಿದವು.

ಕೀ ಎಂಬುದು ಆಕರದ ವರ್ಣನೆ ಎಂದು ತಿಳಿದುಕೊಳ್ಳುವುದರಿಂದ ಈ ಎಡವಟ್ಟು ಆಗುತ್ತದೆ. ನನ್ನ ತರಗತಿಯಲ್ಲಿ ನಾನು ಜಮೀನಿನ ಸರ್ವೆ ನಂಬರನ್ನು ನೆನಪಿಸುತ್ತೇನೆ. ಪಹಣಿಯಲ್ಲಿ ಮಾಲೀಕರ ಹೆಸರು ಬದಲಾಗುತ್ತದೆ, ಮೆಕ್ಕೆಜೋಳ ಬೆಳೆದಿದ್ದ ಹೊಲದಲ್ಲಿ ಅಡಿಕೆ ಬರುತ್ತದೆ, ಕೊಳವೆಬಾವಿ ಬರುತ್ತದೆ. ಸರ್ವೆ ನಂಬರ್ ಬದಲಾಗುವುದಿಲ್ಲ. ಹೊಲ ಪಾಲಾದರೆ ಅದೇ ನಂಬರಿಗೆ ಹಿಸ್ಸಾ ಸೇರುತ್ತದೆಯೇ ಹೊರತು ಹಳೆಯ ನಂಬರನ್ನು ಅಳಿಸುವುದಿಲ್ಲ. ಇನ್ನೂ ಹತ್ತಿರದ ಉದಾಹರಣೆ ನಮ್ಮ ಜಿಲ್ಲೆಗಳ ಶಾಸನಗಳದ್ದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದ ಬಿ. ಎಲ್. ರೈಸ್ ಅವರು, ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ 11ನೇ ಸಂಪುಟದಲ್ಲಿ ಅಂದಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳಿಗೆ ತಾಲ್ಲೂಕಿನ ಸಂಕ್ಷಿಪ್ತ ಹೆಸರನ್ನೂ ಒಂದು ಕ್ರಮಸಂಖ್ಯೆಯನ್ನೂ ಕೊಟ್ಟರು. ದಾವಣಗೆರೆ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು, ಎಷ್ಟೋ ಶಾಸನಗಳ ಕಾಲನಿರ್ಣಯ ಮತ್ತು ಪಾಠದ ಬಗ್ಗೆ ವಿದ್ವಾಂಸರ ಅಭಿಪ್ರಾಯ ಬದಲಾಯಿತು. ಆದರೂ ಒಂದು ಶತಮಾನ ಕಳೆದ ಮೇಲೂ ಶಾಸನಗಳನ್ನು ಉಲ್ಲೇಖಿಸುವವರು 'ದಾವಣಗೆರೆ ಇಷ್ಟು', 'ಮೊಳಕಾಲ್ಮೂರು ಇಷ್ಟು' ಎಂದೇ ಬರೆಯುತ್ತಾರೆ, ಓದುವವರಿಗೂ ಅದೇ ಕಲ್ಲು ಸಿಗುತ್ತದೆ. ಆ ಸಂಖ್ಯೆ ಶಾಸನದ ಒಳಗೆ ಏನಿದೆ ಎಂಬುದನ್ನು ಹೇಳಲು ಹೋಗಲಿಲ್ಲ; ಆದ್ದರಿಂದಲೇ ಒಳಗಿನದರ ಬಗ್ಗೆ ತಿಳಿವಳಿಕೆ ಬದಲಾದಾಗ ಅದು ಬದಲಾಗಬೇಕಾಗಿ ಬರಲಿಲ್ಲ.

ಪ್ರಶ್ನಾರ್ಥಕ ಚಿಹ್ನೆಯನ್ನು ಕಂಡು ಸಂಶೋಧನಾರ್ಥಿಗಳು ಗಾಬರಿಯಾಗುತ್ತಾರೆ, ಆದರೆ ಅದು ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪೊಂದು ಇದೆ, ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಅಪಾಯಕಾರಿ. ಒಬ್ಬರೇ ಲೇಖಕರು ಒಂದೇ ವರ್ಷ ಎರಡು ಲೇಖನ ಬರೆದಿದ್ದರೆ, ಲೇಖಕ ಮತ್ತು ವರ್ಷದಿಂದ ಮಾತ್ರ ಕಟ್ಟಿದ ಕೀ ಎರಡಕ್ಕೂ ಒಂದೇ ಆಗುತ್ತದೆ. ಆಗ ರೆಫರೆನ್ಸ್ ಮ್ಯಾನೇಜರ್ ಒಂದಕ್ಕೆ 'ಬಸವರಾಜ2014' ಎಂದೂ ಇನ್ನೊಂದಕ್ಕೆ 'ಬಸವರಾಜ2014ಎ' ಎಂದೂ ಬಾಲ ಹಚ್ಚುತ್ತದೆ. ಯಾವುದಕ್ಕೆ ಬಾಲ ಬರಬೇಕು ಎಂಬುದು ಆ ಕಂಪ್ಯೂಟರಿನ ಸಂಗ್ರಹದಲ್ಲಿ ಏನೇನಿದೆ, ಯಾವುದು ಮೊದಲು ಬಂತು ಎಂಬುದರ ಮೇಲೆ ನಿಂತಿದೆ. ಹೊಳಲ್ಕೆರೆಯ ನೀರಿನ ಬಗೆಗಿನ ಲೇಖನ ನಿಮ್ಮಲ್ಲಿ ಬಾಲವಿಲ್ಲದ ಕೀ ಪಡೆದಿದ್ದು, ಸಹಲೇಖಕರ ಸಂಗ್ರಹದಲ್ಲಿ ಹಿರಿಯೂರಿನ ಬಗೆಗಿನ ಲೇಖನ ಮಾತ್ರ ಇದ್ದು ಅದಕ್ಕೇ ಬಾಲವಿಲ್ಲದ ಕೀ ಸಿಕ್ಕಿದ್ದರೆ, ಅವರ ಬಿಬ್ ಫೈಲಿನೊಡನೆ ನಿಮ್ಮ ಅಧ್ಯಾಯವನ್ನು ಕಂಪೈಲ್ ಮಾಡಿದಾಗ ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತದೆ. ಎಚ್ಚರಿಕೆಯ ಸಂದೇಶ ಬರುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಇರುವುದಿಲ್ಲ. ಹೊಳಲ್ಕೆರೆಯ ಅಂಕಿಅಂಶದ ಪಕ್ಕದಲ್ಲಿ ಹಿರಿಯೂರಿನ ಲೇಖನದ ಉಲ್ಲೇಖ ಕುಳಿತಿರುತ್ತದೆ. ಲೇಖಕರ ಹೆಸರೂ ವರ್ಷವೂ ಅವೇ ಆಗಿರುವುದರಿಂದ ನೀವು ಎಷ್ಟು ಸಲ ಓದಿದರೂ ಅದು ಕಣ್ಣಿಗೆ ಬೀಳುವುದಿಲ್ಲ. ಮೂಲ ಲೇಖನವನ್ನು ತೆಗೆದು ನೋಡುವ ಪರೀಕ್ಷಕರ ಕಣ್ಣಿಗೆ ಬೀಳುತ್ತದೆ. ಬೇರೆಯವರ ಮಾತನ್ನು ತಪ್ಪಾಗಿ ಇನ್ನೊಂದು ಬರಹದ ಮೇಲೆ ಹೊರಿಸಿದಂತೆ ಆಗುತ್ತದೆ, ಹಾಗೆ ಮಾಡುವ ಉದ್ದೇಶ ಯಾರಿಗೂ ಇರದಿದ್ದರೂ. ಈ ಕಾರಣಕ್ಕಾಗಿ ಕೀಯಲ್ಲಿ ಲೇಖಕ, ವರ್ಷಗಳ ಜೊತೆಗೆ ಶೀರ್ಷಿಕೆಯ ಒಂದು ಪದವೂ ಇರಲಿ ಎಂದು ನಾನು ಒತ್ತಾಯಿಸುತ್ತೇನೆ. 'ಬಸವರಾಜ2014ಹೊಳಲ್ಕೆರೆ' ಎಂದಿದ್ದರೆ ಬಾಲದ ಅಗತ್ಯವೇ ಬಹುಮಟ್ಟಿಗೆ ತಪ್ಪುತ್ತದೆ, ಬರೆಯುತ್ತಿರುವಾಗ ನಿಮಗೂ ಯಾವ ಲೇಖನವೆಂದು ಗುರುತು ಸಿಗುತ್ತದೆ.

ಈಗ ಪರಿಹಾರಕ್ಕೆ ಬರೋಣ. ಕೀ ಹುಟ್ಟುವ ಜಾಗ ಒಂದೇ ಆಗಿರಬೇಕು, ಮತ್ತು ಪ್ರಬಂಧದಲ್ಲಿ ಒಮ್ಮೆ ಬಳಸಿದ ಕೀಯನ್ನು ಯಾವ ತಿದ್ದುಪಡಿಯೂ ಕದಲಿಸಬಾರದು. ಝೊಟೆರೊ ಬಳಸುವವರಿಗೆ ಇದನ್ನು ಸಾಧಿಸಿಕೊಡುವುದು ಬೆಟರ್ ಬಿಬ್‌ಟೆಕ್ ಎಂಬ ಉಚಿತ ಪ್ಲಗಿನ್. ಕೀ ಯಾವ ಸೂತ್ರದಂತೆ ಕಟ್ಟಬೇಕು ಎಂಬುದನ್ನು ಅದರಲ್ಲಿ ನೀವೇ ನಿಗದಿ ಮಾಡಬಹುದು. ಕಟ್ಟಿದ ಕೀಯನ್ನು ಆ ನಮೂದಿಗೇ ಗಟ್ಟಿಯಾಗಿ ಅಂಟಿಸಲೂಬಹುದು, ಇದನ್ನು ಪಿನ್ ಮಾಡುವುದು ಎನ್ನುತ್ತಾರೆ. ಎಕ್ಸ್‌ಟ್ರಾ ಎಂಬ ಖಾನೆಯಲ್ಲಿ ಸೈಟೇಷನ್ ಕೀ ಎಂದು ಬರೆದು, ವಿವರಣ ಚಿಹ್ನೆಯ ಮುಂದೆ ಕೀಯನ್ನು ನಮೂದಿಸುವುದು ಇದರ ಬಹುಕಾಲದ ಪದ್ಧತಿ. ಪಿನ್ ಆದ ಮೇಲೆ ಹೆಸರು ತಿದ್ದಿ, ಶೀರ್ಷಿಕೆ ತಿದ್ದಿ, ವರ್ಷ ತಿದ್ದಿ, ಕೀ ಇದ್ದಲ್ಲೇ ಇರುತ್ತದೆ. ಇನಿಷಿಯಲ್‌ನಿಂದ ಆರಂಭವಾದ ಕುರೂಪದ ಕೀಯೊಂದು ಹಾಗೇ ಉಳಿದುಬಿಟ್ಟಿತಲ್ಲ ಎಂದು ಕೆಲವರು ಕಸಿವಿಸಿಗೊಳ್ಳುತ್ತಾರೆ. ಉಳಿಯಲಿ ಬಿಡಿ. ಕೀ ಅಚ್ಚಿನಲ್ಲಿ ಎಲ್ಲಿಯೂ ಕಾಣುವುದಿಲ್ಲ, ಅಂದಗೆಟ್ಟ ಕೀಯಿಂದ ಯಾವ ಹಾನಿಯೂ ಇಲ್ಲ. ಅಂದಗೊಳಿಸಲು ಹೋಗಿ ಮುರಿದುಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಪಿನ್ ಮಾಡುವುದಕ್ಕೆ ಇನ್ನೂ ಒಂದು ಬಲವಾದ ಕಾರಣವಿದೆ. ಹಂಚಿಕೊಂಡ ಗ್ರೂಪ್ ಲೈಬ್ರರಿಯಲ್ಲಿ ಹೀಗೆ ಬರೆದಿಟ್ಟ ಕೀ ನಮೂದಿನ ಜೊತೆಗೇ ಎಲ್ಲರ ಕಂಪ್ಯೂಟರಿಗೂ ಹೋಗುತ್ತದೆ. ಓವರ್‌ಲೀಫ್ ಎಂಬ ಆನ್‌ಲೈನ್ ಲೇಟೆಕ್ ತಾಣದಲ್ಲಿ ಬರೆಯುವವರು ಅಲ್ಲಿಂದಲೇ ಝೊಟೆರೊ ಖಾತೆಯನ್ನು ಜೋಡಿಸಿಕೊಂಡಾಗ ಬಿಬ್ ಫೈಲನ್ನು ತಯಾರಿಸುವುದು ನಿಮ್ಮ ಕಂಪ್ಯೂಟರಿನ ಪ್ಲಗಿನ್ ಅಲ್ಲ, ಝೊಟೆರೊದ ಸರ್ವರ್. ಎಕ್ಸ್‌ಟ್ರಾ ಖಾನೆಯಲ್ಲಿ ಕೀ ಇದ್ದರೆ ಅದು ಅದನ್ನೇ ತೆಗೆದುಕೊಳ್ಳುತ್ತದೆ, ಇಲ್ಲದಿದ್ದರೆ ತನ್ನದೇ ರೀತಿಯಲ್ಲಿ ಕಟ್ಟುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಸರಿಯಿದ್ದ ಪ್ರಬಂಧ ಓವರ್‌ಲೀಫ್‌ಗೆ ಹೋದೊಡನೆ ಪ್ರಶ್ನಾರ್ಥಕ ಚಿಹ್ನೆಗಳಿಂದ ತುಂಬುವುದಕ್ಕೆ ಮುಖ್ಯ ಕಾರಣ ಇದೇ.

ಎಕ್ಸ್‌ಪೋರ್ಟ್ ಮಾಡುವಾಗ 'ಕೀಪ್ ಅಪ್‌ಡೇಟೆಡ್' ಎಂಬ ಆಯ್ಕೆಗೆ ಟಿಕ್ ಹಾಕಿದರೆ, ಝೊಟೆರೊದಲ್ಲಿ ಮಾಡಿದ ಪ್ರತಿ ತಿದ್ದುಪಡಿಯೂ ಬಿಬ್ ಫೈಲಿಗೆ ತಾನಾಗಿ ಇಳಿಯುತ್ತದೆ. ಅಂದಿನಿಂದ ಬಿಬ್ ಫೈಲನ್ನು ಕೈಯಿಂದ ಮುಟ್ಟಬಾರದು. ಅಲ್ಲಿ ನೇರವಾಗಿ ತಿದ್ದಿದ್ದು ಮುಂದಿನ ಎಕ್ಸ್‌ಪೋರ್ಟ್‌ನಲ್ಲಿ ಅಳಿಸಿಹೋಗುತ್ತದೆ, ಮತ್ತು ಯಾವಾಗ ಅಳಿಸಿತೆಂದು ತಿಳಿಯುವುದೂ ಇಲ್ಲ. ಜ್ಯಾಬ್‌ರೆಫ್ ಎಂಬ ಇನ್ನೊಂದು ರೆಫರೆನ್ಸ್ ಮ್ಯಾನೇಜರ್ ಬಳಸುವವರ ಸ್ಥಿತಿ ಬೇರೆ: ಅದಕ್ಕೆ ಬಿಬ್ ಫೈಲೇ ಸಂಗ್ರಹ, ನಡುವೆ ಎಕ್ಸ್‌ಪೋರ್ಟ್ ಎಂಬ ಹೆಜ್ಜೆಯೇ ಇಲ್ಲ, ಆದ್ದರಿಂದ ಕೀ ತಾನಾಗಿ ಬದಲಾಗುವ ಭಯ ಕಡಿಮೆ. ಲೇಟೆಕ್‌ನಲ್ಲಿ ಮಾತ್ರ ಬರೆಯುವ, ಒಬ್ಬರೇ ಕೆಲಸ ಮಾಡುವ ಸಂಶೋಧನಾರ್ಥಿಗೆ ಜ್ಯಾಬ್‌ರೆಫ್ ಸಾಕು ಎಂಬುದು ನನ್ನ ಅಭಿಪ್ರಾಯ.

ಕೀಯಲ್ಲಿ ರೋಮನ್ ಅಕ್ಷರ ಮತ್ತು ಅಂಕಿಗಳಷ್ಟೇ ಇರಲಿ. ಖಾಲಿ ಜಾಗ, ಅಲ್ಪವಿರಾಮ, ಶೇಕಡಾ ಚಿಹ್ನೆ, ಪುಷ್ಪಾವರಣ ಇವೆಲ್ಲ ಲೇಟೆಕ್‌ಗೆ ಬೇರೆಯೇ ಅರ್ಥ ಕೊಡುತ್ತವೆ. ಕನ್ನಡ ಪುಸ್ತಕಗಳ ಶೀರ್ಷಿಕೆ, ಲೇಖಕರ ಹೆಸರುಗಳನ್ನು ಕನ್ನಡದಲ್ಲೇ ಇಟ್ಟು, ಕೀಯನ್ನು ಮಾತ್ರ ನೀವೇ ರೋಮನ್ನಿನಲ್ಲಿ ಬರೆದು ಪಿನ್ ಮಾಡಿ. ಎಲ್ಲವನ್ನೂ ಸಣ್ಣಕ್ಷರಗಳಲ್ಲಿ ಬರೆಯುವುದು ಕ್ಷೇಮ: ದೊಡ್ಡಕ್ಷರ ಸಣ್ಣಕ್ಷರಗಳಲ್ಲಷ್ಟೇ ಭಿನ್ನವಾದ ಎರಡು ಕೀಗಳು ಒಂದೇ ಪ್ರಬಂಧದಲ್ಲಿ ಕಂಡರೆ ಬಿಬ್‌ಟೆಕ್ ತಕರಾರು ತೆಗೆಯುತ್ತದೆ, ಬೈಬರ್ ಅವನ್ನು ಎರಡು ಬೇರೆ ಆಕರಗಳೆಂದೇ ಎಣಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಕೀ ಬದಲಿಸಲೇಬೇಕಾಗುತ್ತದೆ. ಎರಡು ಸಲ ಸೇರಿಕೊಂಡ ಆಕರವನ್ನು ಝೊಟೆರೊದಲ್ಲಿ ಒಂದುಗೂಡಿಸಿದಾಗ ಒಂದು ಕೀ ಉಳಿದು ಇನ್ನೊಂದು ಹೋಗುತ್ತದೆ, ಹೋದ ಕೀ ಯಾವುದೋ ಅಧ್ಯಾಯದಲ್ಲಿ ಬಳಕೆಯಲ್ಲಿರುತ್ತದೆ. ಬಿಬ್ಲೇಟೆಕ್ ಮತ್ತು ಬೈಬರ್ ಬಳಸುವವರಿಗೆ ಇದಕ್ಕೊಂದು ಒಳ್ಳೆಯ ದಾರಿಯಿದೆ: ನಮೂದಿನಲ್ಲಿ 'ಐಡಿಎಸ್' ಎಂಬ ಖಾನೆಯಲ್ಲಿ ಹಳೆಯ ಕೀಗಳನ್ನು ಅಲ್ಪವಿರಾಮ ಹಾಕಿ ಬರೆದಿಟ್ಟರೆ, ಪ್ರಬಂಧದಲ್ಲಿ ಹಳೆಯ ಕೀ ಇದ್ದರೂ ಅದೇ ಆಕರ ಸಿಗುತ್ತದೆ. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಮುಂದೆ ಪರಿಷ್ಕರಿಸಿದಾಗ ಶಾಸನದ ಹೊಸ ಸಂಖ್ಯೆಯ ಜೊತೆಗೆ ಹಳೆಯ ಸಂಖ್ಯೆಯನ್ನೂ ಕೊಟ್ಟದ್ದು ಇದೇ ವಿವೇಕದಿಂದ. ಹಳೆಯ ಬಿಬ್‌ಟೆಕ್‌ನಲ್ಲಿ ಈ ಸೌಲಭ್ಯವಿಲ್ಲ, ಅಲ್ಲಿ ಅಧ್ಯಾಯಗಳಲ್ಲೇ ಬದಲಿಸಬೇಕು.

ಆ ಭಾನುವಾರ ನಾವು ಮಾಡಿದ್ದು ಅದನ್ನೇ. ಅವರ ವಿಭಾಗದ ಟೆಂಪ್ಲೇಟ್ ಬಿಬ್‌ಟೆಕ್‌ನದು. ಮೊದಲು ಎಲ್ಲ ಅಧ್ಯಾಯಗಳ ಒಂದು ಪ್ರತಿಯನ್ನು ಪಕ್ಕಕ್ಕೆ ತೆಗೆದಿಟ್ಟೆವು. ಹಿಂದಿನ ತಿಂಗಳು ಮೇಲ್‌ನಲ್ಲಿ ಗೈಡ್‌ಗೆ ಕಳಿಸಿದ್ದ ಹಳೆಯ ಬಿಬ್ ಫೈಲ್ ಪುಣ್ಯಕ್ಕೆ ಉಳಿದಿತ್ತು. ಅದನ್ನೂ ಹೊಸದನ್ನೂ ಡಿಓಐ ಸಂಖ್ಯೆಯ ಆಧಾರದಿಂದ ಹೊಂದಿಸಿ, ಹಳೆಯ ಕೀ ಒಂದು ಕಡೆ, ಹೊಸ ಕೀ ಇನ್ನೊಂದು ಕಡೆ ಬರುವಂತೆ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದೆವು. ಆಮೇಲೆ ಹುಡುಕಿ ಬದಲಿಸುವ ಕೆಲಸ. ಇಲ್ಲಿ ಎಚ್ಚರ ತಪ್ಪಬಾರದು: 'ಬಸವರಾಜ2014' ಎಂಬುದನ್ನು ಕಣ್ಣುಮುಚ್ಚಿ ಬದಲಿಸಿದರೆ 'ಬಸವರಾಜ2014ಎ' ಎಂಬುದರ ಮುಂಭಾಗವೂ ಬದಲಾಗಿ, ಎಲ್ಲಿಯೂ ಇಲ್ಲದ ಮೂರನೆಯ ಕೀ ಹುಟ್ಟುತ್ತದೆ. ಕೀಯ ಎರಡೂ ಬದಿಯಲ್ಲಿ ಪುಷ್ಪಾವರಣವೋ ಅಲ್ಪವಿರಾಮವೋ ಇರುವ ಕಡೆ ಮಾತ್ರ ಬದಲಾಗುವಂತೆ ನೋಡಿಕೊಳ್ಳಬೇಕು, ಉದ್ದದ ಕೀಗಳನ್ನು ಮೊದಲು ಬದಲಿಸಬೇಕು. ಬದಲಾವಣೆ ಮುಗಿಯುತ್ತಿದ್ದಂತೆ ಝೊಟೆರೊದಲ್ಲಿನ ಎಲ್ಲ ನಮೂದುಗಳನ್ನೂ ಒಟ್ಟಿಗೆ ಆಯ್ದು ಪಿನ್ ಮಾಡಿದೆವು.

ನಂತರ ಆಕ್ಸ್, ಬಿಬಿಎಲ್ ಮೊದಲಾದ ಮಧ್ಯದ ಫೈಲುಗಳನ್ನೆಲ್ಲ ಅಳಿಸಿ ಮೊದಲಿನಿಂದ ಕಂಪೈಲ್ ಮಾಡಿದೆವು. ಈ ಹೆಜ್ಜೆಯನ್ನು ಬಿಡಬಾರದು. ಬಿಬ್ ಫೈಲಿನಲ್ಲಿ ಕೀ ಬದಲಾಗಿದ್ದರೂ ಬಿಬ್‌ಟೆಕ್ ಅನ್ನು ಮತ್ತೆ ಓಡಿಸುವವರೆಗೆ ಲೇಟೆಕ್ ಹಳೆಯ ಬಿಬಿಎಲ್ ಫೈಲನ್ನೇ ಓದುತ್ತಿರುತ್ತದೆ, ಆದ್ದರಿಂದ ಮುರಿದ ಪ್ರಬಂಧವೂ ಕೆಲವು ದಿನ ಸರಿಯಾಗಿಯೇ ಕಾಣುತ್ತದೆ. "ನಿನ್ನೆವರೆಗೂ ಸರಿಯಿತ್ತು" ಎಂದು ಹೇಳುವವರ ಅನುಭವದ ಹಿಂದೆ ಇರುವುದು ಬಹುತೇಕ ಇದೇ. ಕೊನೆಗೆ ಚೆಕ್‌ಸೈಟ್ಸ್ ಎಂಬ ಚಿಕ್ಕ ಪ್ರೋಗ್ರಾಮನ್ನು ಓಡಿಸಿದೆವು. ಪ್ರಬಂಧದಲ್ಲಿದ್ದು ಬಿಬ್ ಫೈಲಿನಲ್ಲಿಲ್ಲದ ಕೀಗಳನ್ನೂ, ಬಿಬ್ ಫೈಲಿನಲ್ಲಿದ್ದು ಪ್ರಬಂಧದಲ್ಲಿ ಎಲ್ಲಿಯೂ ಬಳಸದ ಕೀಗಳನ್ನೂ ಅದು ಬೇರೆ ಬೇರೆಯಾಗಿ ತೋರಿಸುತ್ತದೆ. ಮೊದಲ ಪಟ್ಟಿಯಲ್ಲಿ ಎರಡು ಉಳಿದಿದ್ದವು, ಎರಡೂ ಅವರು ಕೈಯಿಂದ ಟೈಪ್ ಮಾಡಿದ್ದ ವರದಿಗಳು. ಅವನ್ನು ಝೊಟೆರೊಗೆ ಸೇರಿಸಿದೆವು.

ಇದಾದ ಮೇಲೆ ಅವರು ಬಾಲ ಹತ್ತಿದ ಕೀಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿಯೊಂದರ ಮೂಲ ಲೇಖನವನ್ನು ತೆರೆದು, ಪ್ರಬಂಧದ ವಾಕ್ಯದೊಡನೆ ಹೋಲಿಸಿ ನೋಡಲು ಕುಳಿತರು. ಅದು ಯಾವ ಪ್ರೋಗ್ರಾಮೂ ಮಾಡಿಕೊಡದ ಕೆಲಸ. ಒಟ್ಟು ಒಂಬತ್ತು ಇದ್ದವು. ಏಳನೆಯದರಲ್ಲಿ ಲೇಖನ ಅದಲುಬದಲಾಗಿರುವುದು ಸಿಕ್ಕಿತು.